ಕುಂಕುಮ ಇಟ್ಟ ಕ್ಲ್ಯಾಂಪು

ಮುನಿಗಂಗಮ್ಮ ಹಿತ್ತಲಿನ ನಲ್ಲಿಯ ಕೆಳಗೆ ಬಿದ್ದಿದ್ದರು. ಬಿಂದಿಗೆ ಪಕ್ಕಕ್ಕೆ ಉರುಳಿತ್ತು. ನೀರು ಇನ್ನೂ ಹರಿಯುತ್ತಿತ್ತು. ಬೆಳಗಿನ ಏಳು ಗಂಟೆ. ಸೊಸೆ ಕವಿತ ಕಂಡು ಕಿರುಚಿದಳು. ಮಗ ರಮೇಶ್‌ಬಾಬು ಓಡಿ ಹೋಗಿ ಮೇನ್ ಸ್ವಿಚ್ ಆರಿಸಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಶಿಡ್ಲಘಟ್ಟದ ಆ ಬೀದಿಗೆ ಮಧ್ಯಾಹ್ನದೊಳಗೆ ತಪ್ಪಿತಸ್ಥನೂ ಸಿಕ್ಕಿಬಿಟ್ಟ. ಎಲೆಕ್ಟ್ರಿಷಿಯನ್ ವೇಣು. ಬೀದಿಗೆ ಪೈಪಿನ ಗ್ಯಾಸ್ ಬರುವುದಿತ್ತು. ಅದಕ್ಕೂ ಮೊದಲು ಮನೆಮನೆಯ ಗ್ಯಾಸ್ ಪೈಪು, ನೀರಿನ ಪೈಪುಗಳಿಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ವೈರ್ ಕಟ್ಟಿ, ಪರೀಕ್ಷೆ ಮಾಡಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದವನು ಅವನೇ. ಹದಿನೈದು ದಿನವೂ ಆಗಿರಲಿಲ್ಲ. ರಮೇಶ್‌ಬಾಬು ದೂರು ಕೊಟ್ಟ. ಎಸ್‌ಐ ಗಂಗರಾಜು ವೇಣುವನ್ನು ಕರೆತಂದು ಠಾಣೆಯಲ್ಲಿ ಕೂರಿಸಿದರು.

* * *

ಮರುದಿನ ಚಿಕ್ಕಬಳ್ಳಾಪುರದಿಂದ ವಿದ್ಯುತ್ ಪರಿವೀಕ್ಷಕಿ ಮೌನಿಕಾ ಬಂದಳು. ಠಾಣೆಯ ಮೆಟ್ಟಿಲ ಮೇಲೆಯೇ ವೇಣುವಿನ ಹೆಂಡತಿ ಸೌಜನ್ಯ ಅಡ್ಡ ನಿಂತಳು.

"ಮೇಡಂ, ಎಲ್ಲಾ ನಿಮ್ಮ ರಿಪೋರ್ಟ್ ಮೇಲೇ ಅಂತೆ. ನಮ್ಮೆಜಮಾನ್ರು ಕೆಲ್ಸದಲ್ಲಿ ಮೋಸ ಮಾಡೋರಲ್ಲ. ಲೈಸೆನ್ಸ್ ಹೋದ್ರೆ, ಜೈಲಿಗೆ ಹಾಕಿದ್ರೆ..."

"ನೋಡ್ತೀನಮ್ಮ" ಎಂದಳು ಮೌನಿಕಾ. ಸುಮ್ಮನೆ ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಜೀಪಿನಲ್ಲಿ ಗಂಗರಾಜು ಅವಸರ ಮಾಡಿದರು. "ಬೇಗ ಬರ್ದು ಕೊಟ್ಬಿಡಿ ಮೇಡಂ. ಕೇಸು ನೀಟಾಗಿದೆ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಮೌನಿಕಾ ಹನ್ನೊಂದು ವರ್ಷದ ನೌಕರಿಯಲ್ಲಿ ಚೆನ್ನಾಗಿ ಕಲಿತಿದ್ದಳು. ನೀಟಾದ ಕೇಸು ಎಂದರೆ ಅವಳಿಗೆ ಮೊದಲಿನಿಂದಲೂ ಅನುಮಾನ.

* * *

ಹಿತ್ತಲಿನ ಒಂದು ಕಡೆ ರಮೇಶ್‌ಬಾಬು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಶೆಡ್ಡು. ಇನ್ನೊಂದು ಕಡೆ ನೀರಿನ ಸಂಪು, ಅದರ ಮೋಟರು. ಬೀದಿಯಿಂದ ಬರುವ ಪೈಪು ಪ್ಲಾಸ್ಟಿಕ್ಕಿನದು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವುದು ಮಾತ್ರ ಹಳೆಯ ಕಬ್ಬಿಣದ ಪೈಪು. ನಲ್ಲಿ ಕೂತಿದ್ದೂ ಅದಕ್ಕೇ. ಮೌನಿಕಾ ಮೋಟರನ್ನು ಮೊದಲು ಪರೀಕ್ಷಿಸಿದಳು. ಒಳಗಿನ ತಂತಿಯ ಸುತ್ತು ಸುಟ್ಟು ಕರೆಂಟು ಅದರ ಕಬ್ಬಿಣದ ಮೈಗೆ ಇಳಿಯುತ್ತಿತ್ತು. ಹಾಗೆ ಸೋರಿದ ಕರೆಂಟು ಪೈಪಿಗೆ ಬಂದರೆ ನೆಲ ಸೇರಲು ಇದ್ದ ದಾರಿ ಒಂದೇ, ವೇಣು ಕಟ್ಟಿದ ವೈರು.

ವೈರು ಇತ್ತು. ಅದನ್ನು ಪೈಪಿಗೆ ಹಿಡಿದಿಡುವ ಕ್ಲ್ಯಾಂಪೂ ಬಿಗಿದಿತ್ತು. ಅವಳು ಮೀಟರಿನ ಒಂದು ತುದಿಯನ್ನು ವೈರಿಗೆ, ಇನ್ನೊಂದನ್ನು ಪೈಪಿನ ಬರಿಯ ಕಬ್ಬಿಣಕ್ಕೆ ಒತ್ತಿದಳು. ಕರೆಂಟಿಗೆ ದಾರಿಯಿದ್ದರೆ ಕೂಗಬೇಕಿದ್ದ ಮೀಟರು ಉಸಿರೆತ್ತಲಿಲ್ಲ.

"ಹಸಿರು ಬಣ್ಣದ ಮೇಲೇ ಬಿಗ್ದಿದಾರೆ ಸಾರ್. ಬಣ್ಣ ಕರೆಂಟನ್ನ ಬಿಡಲ್ಲ. ಅದನ್ನ ಕೆರೀದೆ ಕಟ್ಟಿದ್ರೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ."

"ನಾನು ಹೇಳ್ಲಿಲ್ವಾ? ವೇಣು ಕೈಚಳಕ!" ಎಂದರು ಗಂಗರಾಜು.

ಮೌನಿಕಾ ಪೈಪಿನುದ್ದಕ್ಕೂ ಬೆರಳಾಡಿಸಿದಳು. ಒಂದು ಗೇಣು ಮೇಲೆ, ಗೋಡೆಯ ಮಗ್ಗುಲಿಗೆ, ಬೆರಳಿಗೆ ಒರಟು ತಾಗಿತು. ಅಲ್ಲಿ ಯಾರೋ ಬಣ್ಣವನ್ನು ಸುತ್ತಲೂ ನೀಟಾಗಿ ಕೆರೆದಿದ್ದರು. ಅದರ ಅಂಚಿನಲ್ಲಿ ಅರ್ಧ ಬೊಟ್ಟಿನಂಥ ಕೆಂಪು ಹಳದಿ ಕಲೆ.

"ಇದೇನಮ್ಮ?"

"ಅರಿಸಿನ ಕುಂಕುಮ ಮೇಡಂ" ಎಂದಳು ಬಾಗಿಲಲ್ಲಿ ನಿಂತಿದ್ದ ಕವಿತ. "ಮನೆಗೆ ಏನು ಹೊಸದು ಬಂದ್ರೂ ನಮ್ಮತ್ತೆ ಇಡ್ತಿದ್ರು. ಫ್ರಿಜ್ಜಿಗೂ ಇಟ್ಟಿದ್ರು. ವೇಣು ಇದನ್ನ ಕಟ್ಟಿದ ದಿನ ಇದಕ್ಕೂ ಇಟ್ರು. ಅವನು ನಕ್ಕುಬಿಟ್ಟ."

ಮೌನಿಕಾ ಬಗ್ಗಿ ಕೆಳಗಿನ ಕ್ಲ್ಯಾಂಪು ನೋಡಿದಳು. ಅದೇ ಬೊಟ್ಟಿನ ಉಳಿದರ್ಧ ಅದರ ಮೇಲಿತ್ತು. "ಇದು ಮೊದ್ಲು ಮೇಲಿತ್ತು ಸಾರ್, ಆಮೇಲೆ ಯಾರೋ ಬಿಚ್ಚಿದಾರೆ."

"ತಾಮ್ರದ ಕಳ್ಳರಿರಬೋದು" ಎಂದರು ಗಂಗರಾಜು. "ಹೋದ ತಿಂಗಳು ಎರಡು ಮನೇಲಿ ವೈರು ಕಿತ್ತಿದಾರೆ."

"ಕಳ್ಳ ಕದ್ದೊಯ್ತಾನೆ ಸಾರ್. ಒಂದು ಗೇಣು ಕೆಳಗೆ ವಾಪಸ್ ಕಟ್ಟಿ ಹೋಗಲ್ಲ."

* * *

ರಮೇಶ್‌ಬಾಬು ಜಗಲಿಯಲ್ಲಿ ಕೂತಿದ್ದ. ಕಣ್ಣು ಕೆಂಪಗಿದ್ದವು.

"ವೇಣು ಹೋದ್ಮೇಲೆ ಆ ವೈರನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದಳು ಮೌನಿಕಾ.

"ಯಾರೂ ಇಲ್ಲ."

"ಫ್ಯೂಸು ಹೋಗ್ತಿತ್ತಾ?"

"ಒಂದ್ಸಲಾನೂ ಇಲ್ಲ."

"ಯಾಕ್ರೀ?" ಎಂದಳು ಕವಿತ ಅಮಾಯಕಳಾಗಿ. "ಮೊದಲ ವಾರ ದಿನಾ ಹೋಗ್ತಿತ್ತಲ್ಲ? ಮೋಟರ್ ಹಾಕಿದ್ರೆ ಸಾಕು, ಟಪ್ ಅಂತಿತ್ತು. ರೀಲಿಂಗ್ ನಿಂತು ಗೂಡೆಲ್ಲ ಹಾಳಾಯ್ತು ಅಂತ ನೀವೇ ಕೂಗಾಡಿದ್ರಿ. ಸೋಮವಾರದಿಂದ ಸರಿಹೋಯ್ತು."

ರಮೇಶ್‌ಬಾಬು ಹೆಂಡತಿಯ ಮುಖ ನೋಡಲಿಲ್ಲ.

ಮೌನಿಕಾ ಎಲ್ಲರನ್ನೂ ದೂರ ನಿಲ್ಲಿಸಿದಳು. ಕ್ಲ್ಯಾಂಪು ಬಿಚ್ಚಿ ಕೆರೆದ ಜಾಗಕ್ಕೇ ಬಿಗಿದಳು. ಬೊಟ್ಟಿನ ಎರಡು ಅರ್ಧಗಳು ಕೂಡಿಕೊಂಡವು. ಒಳಗೆ ಹೋಗಿ ಮೋಟರಿನ ಸ್ವಿಚ್ ಒತ್ತಿದಳು. ಟಪ್. ಮನೆಯ ಫ್ಯಾನು ನಿಂತಿತು, ಶೆಡ್ಡಿನ ದೀಪ ಆರಿತು.

"ಇದು ವೇಣು ಮಾಡಿದ ಕೆಲ್ಸ ಸಾರ್. ಇದು ಹಿಂಗೇ ಇದ್ದಿದ್ರೆ ಅವತ್ತೂ ಫ್ಯೂಸು ಹೋಗ್ತಿತ್ತು, ಅಮ್ಮ ಬದುಕ್ತಿದ್ರು. ಫ್ಯೂಸು ಹೋಗಿದ್ದು ವೈರಿನ ತಪ್ಪಲ್ಲ, ಮೋಟರ್ ಕೆಟ್ಟಿದೆ ಅಂತ ಅದು ಹೇಳ್ತಿತ್ತು. ಇವ್ರು ಮೋಟರ್ ರಿಪೇರಿ ಮಾಡಿಸ್ಲಿಲ್ಲ, ವೈರು ಬಿಚ್ಚಿದ್ರು. ಸೋಮವಾರದಿಂದ ಫ್ಯೂಸು ಹೋಗ್ಲಿಲ್ಲ. ಅಮ್ಮ ಸತ್ತ ಮೇಲೆ ನೀವು ಬರೋಕೆ ಮುಂಚೆ ಗಡಿಬಿಡೀಲಿ ಸಿಕ್ಕ ಕಡೆ ವಾಪಸ್ ಕಟ್ಟಿದ್ರು. ಬಣ್ಣದ ಮೇಲೆ ಕಟ್ಟಬಾರ್ದು ಅಂತ ವೇಣುಗೆ ಗೊತ್ತಿತ್ತು, ಇವ್ರಿಗೆ ಗೊತ್ತಿರಲಿಲ್ಲ."

ರಮೇಶ್‌ಬಾಬು ಒಪ್ಪಿಕೊಂಡ.

"ಆ ವೈರು ಕಟ್ಟಿದ ಮೇಲೇ ಫ್ಯೂಸು ಹೋಗೋಕೆ ಶುರುವಾಗಿದ್ದು ಮೇಡಂ. ಅದರದ್ದೇ ದೋಷ ಅಂದ್ಕೊಂಡೆ. ಅಮ್ಮ ಎರಡು ದಿನ ಹೇಳಿದ್ಲು, ನಲ್ಲಿ ಜುಮ್ಮಂತದೆ ಕಣೋ ಅಂತ. ಚಪ್ಪಲಿ ಹಾಕ್ಕೊಂಡು ಮುಟ್ಟು ಅಂದೆ. ಕುಡಿಯೋ ನೀರು ಹಿಡಿಯೋವಾಗ ಚಪ್ಪಲಿ ಹಾಕ್ತಾರೇನಪ್ಪ ಅಂದ್ಲು."

"ವೇಣು ಹೆಸರು ಯಾಕೆ ಹೇಳ್ದೆ?" ಗಂಗರಾಜು ಗದರಿದರು.

"ಹೆತ್ತ ತಾಯಿನ ನಾನೇ ಕೊಂದೆ ಅಂತ ಹೆಂಗೆ ಹೇಳ್ಲಿ ಸಾರ್?"

ಕವಿತ ಗೋಡೆಗೆ ಮುಖ ತಿರುಗಿಸಿದಳು. ಮೌನಿಕಾಳಿಗೆ ಅವನ ಬಗ್ಗೆ ಕನಿಕರವೂ ಸಿಟ್ಟೂ ಒಟ್ಟಿಗೇ ಬಂದವು.

* * *

ಸಂಜೆ ಠಾಣೆಯಲ್ಲಿ ಗಂಗರಾಜು ತಾವೇ ಎದ್ದು ಬಂದರು. "ಹೋಗಪ್ಪ ವೇಣು. ನಿನ್ನದೇನೂ ತಪ್ಪಿಲ್ಲ."

ಸೌಜನ್ಯ ಗಂಡನ ಕೈ ಹಿಡಿದಳು. ವೇಣು ಬಾಗಿಲ ಕಡೆ ಹೋಗಲಿಲ್ಲ. ನೇರ ಮೌನಿಕಾಳ ಮುಂದೆ ಬಂದು ನಿಂತ.

"ಮೇಡಂ, ಆ ಮೋಟರ್ ಕನೆಕ್ಷನ್ ಬಿಚ್ಚಿದೀರಾ? ಕವಿತಕ್ಕ, ಮಕ್ಕಳು ಅದೇ ನಲ್ಲೀಲಿ ನೀರು ಹಿಡೀತಾರೆ."

"ಬಿಚ್ಚಿ ಸೀಲ್ ಹಾಕಿ ಬಂದಿದೀನಿ."

ವೇಣು ತಲೆಯಾಡಿಸಿ ಅಲ್ಲೇ ಬೆಂಚಿನ ಮೇಲೆ ಕೂತ. ಎರಡು ದಿನದಿಂದ ತಡೆದಿದ್ದ ಅಳು ಆಗ ಬಂತು.