ಚಿಕ್ಕಬೀರಮ್ಮನ ಕಥೆಯಲ್ಲಿ ಧರ್ಮೇಂದ್ರನಿಗೇನು ಕೆಲಸ?

"ಈ ಅರ್ಧ ಪುಟ ತೆಗೀರಿ," ಎಂದ ಧರ್ಮೇಂದ್ರ.

ಹುಣಸೂರಿನ ಹೋಟೆಲಿನಲ್ಲಿ ಅವನ ಮುಂದಿನ ದೋಸೆ ಆರಿಹೋಗಿತ್ತು. ಅವನ ಕೈಲಿದ್ದ ಮೊಬೈಲು ನೀಲಾಂಬಿಕೆಯದು, ಅದರಲ್ಲಿದ್ದ ಚಿಕ್ಕಬೀರಮ್ಮನೆಂಬ ಜಗಳಗಂಟಿಯ ಕಥೆಯೂ ಅವಳದೇ. ಮೈಸೂರಿನ ಮಾಸಪತ್ರಿಕೆಯವರು ಕಥೆ ಒಪ್ಪಿಕೊಂಡು, ಅರ್ಧ ಪುಟ ಕಡಿಮೆ ಮಾಡಿ ಸೋಮವಾರದೊಳಗೆ ಕಳಿಸಿ ಎಂದಿದ್ದರು.

ನೀಲಾಂಬಿಕೆ ಹುಣಸೂರಿನಲ್ಲೇ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಾರ ರಕ್ತವಾದರೂ ಅವಳಿಗೆ ಒಂದೇ. ತನ್ನ ವಾಕ್ಯಗಳ ವಿಷಯಕ್ಕೆ ಬಂದರೆ ಮಾತ್ರ ಹೆತ್ತವರಿಗೆ ಹೆಗ್ಗಣ ಮುದ್ದು.

"ಯಾವ ಅರ್ಧ ಪುಟ?"

"ಹೊಗೆಸೊಪ್ಪಿನ ಹೂವಿನ ಮಧ್ಯ ನೀಲಿ ಶರ್ಟಿನವನು ಒಬ್ಬ ನಿಂತವ್ನಲ್ಲ, ಅದು. ಚಿಕ್ಕಬೀರಮ್ಮ ಕೋಳಿ ಜಗಳಕ್ಕೆ ಸೆರಗು ಕಟ್ಕೊಂಡು ಹೊಂಟವ್ಳೆ. ದಾರೀಲಿ ಇವನಿಗೇನ್ರೀ ಕೆಲಸ?"

ನೀಲಿ ಶರ್ಟಿನವನು ಧರ್ಮೇಂದ್ರನೇ. ಇಬ್ಬರೂ ಬೆಟ್ಟದಪುರದವರು. ಹೋದ ವರ್ಷ ಅವನ ಹೊಲದ ಬದುವಿನ ಮೇಲೆ ಬರುವಾಗ ಅವಳು ಅವನನ್ನು ಹಾಗೆ ಕಂಡಿದ್ದಳು. ಓದಿದರೆ ತನ್ನನ್ನು ತಾನೇ ಗುರುತಿಸಲಿ, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಲಿ ಎಂದೇ ಆ ಅರ್ಧ ಪುಟ ಬರೆದದ್ದು.

"ನಿಮಗೆ ಇಷ್ಟ ಆಗ್ಲಿಲ್ಲ ಅನ್ನಿ."

"ಚೆನ್ನಾಗದೆ. ಆದ್ರೂ ತೆಗೀರಿ."

ಅವನ ಕಿವಿ ಕೆಂಪಾಗಿತ್ತು. ಅದನ್ನು ಅವಳು ನೋಡಲಿಲ್ಲ, ಮೊಬೈಲು ಕಿತ್ತುಕೊಂಡು ಆಗಲೇ ಎದ್ದಿದ್ದಳು.

ಆ ವಾರವೆಲ್ಲ ಅವಳು ಬೇರೆ ಏನೇನೋ ತೆಗೆದು ನೋಡಿದಳು. ಕೋಳಿಯನ್ನು ತೆಗೆದರೆ ಜಗಳವಿಲ್ಲ, ಬೈಗುಳ ತೆಗೆದರೆ ಚಿಕ್ಕಬೀರಮ್ಮನೇ ಇಲ್ಲ. ನೀಲಿ ಶರ್ಟಿನವನನ್ನು ಮುಟ್ಟಲು ಮನಸ್ಸು ಬರಲಿಲ್ಲ. ಅವನನ್ನೂ ಅಳಿಸಿದರೆ ತನ್ನ ಆಸೆಗೆ ಅಲ್ಲಿಗೇ ಮಂಗಳ ಹಾಡಿದಂತೆ ಎಂದು ಅವಳಿಗೆ ಅಳು ಬಂತು.

ಭಾನುವಾರ ಬದುವಿನ ಮೇಲೆ ಹೋದಾಗ ಧರ್ಮೇಂದ್ರನ ಹೊಲದಲ್ಲೆಲ್ಲ ಹೊಗೆಸೊಪ್ಪಿನ ಕುಡಿ ಮುರಿದಾಗಿತ್ತು. ಒಂದು ಸಾಲು ಮಾತ್ರ ತಲೆತುಂಬ ಗುಲಾಬಿ ಬಣ್ಣದ ಹೂ ಹೊತ್ತು ನಿಂತಿತ್ತು.

"ನೋಡವ್ವ ಇವನ ಬುದ್ಧಿಯ!" ಎಂದರು ಅವನ ತಂದೆ ಮಹದೇವಪ್ಪ. "ಈ ಸಾಲ್ಗೆ ಕೈ ಆಕ್‌ಬ್ಯಾಡಿ ಅಂತವ್ನೆ. ಊವ ಬುಟ್ರೆ ಎಲೆ ತೂಕ ಬಂದದಾ? ನೀನಾದ್ರೂ ಅವನ್ಗೆ ಒಸಿ ಬುದ್ಧಿ ಏಳು." ಗೊಣಗುತ್ತ ಸೊಪ್ಪು ಬೇಯಿಸುವ ಬ್ಯಾರನ್ನಿನ ಕಡೆ ನಡೆದರು.

ಹೂ ಉಳಿಸಿಕೊಂಡರೆ ಎಲೆ ತೆಳ್ಳಗಾಗುತ್ತದೆ. ಆ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು.

ಸಾಲಿನ ಕೊನೆಯಲ್ಲಿ ಧರ್ಮೇಂದ್ರ ನಿಂತಿದ್ದ. ಒಗೆದು ಒಗೆದು ಬಿಳಿಚಿಕೊಂಡ ಅದೇ ನೀಲಿ ಶರ್ಟು.

"ಯಾಕ್ರೀ ಬಿಟ್ಟಿದ್ದೀರಿ ಇದನ್ನ?"

"ನೀವೇ ಬರ್ದಿದ್ರಲ್ಲ, ಚೆಂದ ಅಂತ."

"ಅಂದ್ರೆ ಗೊತ್ತಾಗಿತ್ತಾ ನಿಮ್ಗೆ?"

"ನನ್ ಶರ್ಟು ನಂಗೆ ಗೊತ್ತಾಗಲ್ವಾ?"

"ಮತ್ತೆ ತೆಗೀರಿ ಅಂದ್ರಿ?"

ಅವನು ಬೆಟ್ಟದ ಕಡೆ ನೋಡಿದ. "ಕಥೆಗೆ ಅದು ಬ್ಯಾಡ ಕಣ್ರೀ. ಬೇಕಾಗಿರೋದು ನಂಗೆ. ಊರೋರ ಜೊತೆ ಪತ್ರಿಕೇಲಿ ಓದೋಕಲ್ಲ, ನಿಮ್ ಬಾಯಿಂದ ಕೇಳೋಕೆ."

ನೀಲಾಂಬಿಕೆ ಮೊದಲ ಗಿಡದ ಹೂವನ್ನು ಲಟಕ್ಕನೆ ಮುರಿದಳು. ಎರಡನೆಯದಕ್ಕೆ ಕೈ ಹಾಕುವಾಗ ಓರೆಗಣ್ಣಲ್ಲಿ ಅವನನ್ನು ನೋಡಿದಳು. ಅವನೂ ಆ ತುದಿಯಿಂದ ಮುರಿಯತೊಡಗಿದ. ಇಬ್ಬರೂ ಸಾಲಿನ ನಡುವೆ ಎದುರಾದಾಗ ಕೈತುಂಬ ಸೊಪ್ಪಿನ ಅಂಟು.

"ಮೊಬೈಲು ಬ್ಯಾಗಲ್ಲಿದೆ. ನನ್ ಕೈ ಅಂಟು. ನೀವೇ ಅಳಿಸಿ."

ಅವನು ಹಿಂದೆಮುಂದೆ ನೋಡದೆ ನೀಲಿ ಶರ್ಟಿಗೆ ಕೈ ಒರೆಸಿಕೊಂಡ. ಒಗೆದರೂ ಹೋಗದ ಕರೆ ಅದು.

"ಅಳ್ಸೋಕೆ ಮುಂಚೆ ಒಂದ್ಸಲ ಓದ್ಲಾ?"

"ಬೇಡಿ. ಬಾಯಿಪಾಠ ಇದೆ." ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. "ಮುಂಗಾರಿನ ಆ ನಸುಗೆಂಪು ಮುಂಜಾವಿನಲ್ಲಿ, ಹೂಗಳೇ ನಾಚುವಂತೆ..."

ಅಲ್ಲಿಗೇ ನಿಂತಳು. ಎದೆಯ ಮೇಲೆ ಅಂಟಿನ ಕರೆ ಹೊತ್ತು ನಿಂತವನಿಗೆ ಇದನ್ನೆಲ್ಲ ಹೇಳಲು ಅವಳಿಗೇ ನಗು ಬಂತು.

"ನೀವಂದ್ರೆ ನಂಗಿಷ್ಟ ಕಣ್ರೀ. ಹೋದ ವರ್ಷದಿಂದ."

ಅವನು ಮೊಬೈಲಿನಲ್ಲಿ ಅರ್ಧ ಪುಟವನ್ನು ಅಳಿಸಿದ.

"ಇಷ್ಟು ಹೇಳೋಕೆ ಅಷ್ಟು ಬರ್ದಿದ್ರಾ?"

"ಹೂಂ. ನೀವೇನಂತೀರಿ?"

"ನಂಗೂ," ಎಂದ ಧರ್ಮೇಂದ್ರ.

ಅದರಲ್ಲಿ ತೆಗೆಯುವಂಥದ್ದು ಏನೂ ಇರಲಿಲ್ಲ.