ಪಹಣಿಯಿಲ್ಲದವನ ಜೇನು

"ಈ ವ್ಯಾನಿನವನೇ ಹೊತ್ತೊಯ್ದದ್ದು! ಒದ್ದು ಕೇಳಿ ಮೇಡಂ!"

"ಬಾಯಿ ಬಿಗಿ ಹಿಡ್ದು ಮಾತಾಡಿ ಹೆಗಡೇರೆ. ನಾ ಬಂದಾಗ ಅಲ್ಲಿ ಬರೀ ಕಲ್ಲು ಇದ್ವು. ಗಾಡಿ ಹೊರಗೆ ನಿಂತದೆ, ಹತ್ತಿ ನೋಡಿ!"

ಪಿಎಸ್‌ಐ ಪ್ರತಿಭಾ ಮೇಜು ಗುದ್ದಿದಳು. "ಇದು ಠಾಣೆ, ನಿಮ್ಮ ಜಗುಲಿ ಅಲ್ಲ. ಒಬ್ಬೊಬ್ರೇ."

ಮಾರ್ಚ್ ಹತ್ತು, ಬೆಳಿಗ್ಗೆ ಒಂಬತ್ತೂವರೆ, ಸಿದ್ದಾಪುರ. ದೂರು ಕೊಟ್ಟವನು ತ್ಯಾಗಲಿಯ ವಿಶ್ವೇಶ್ವರ ಹೆಗಡೆ. ಜೇನು ಸಾಕುವವರ ಸಹಕಾರಿ ಸಂಘ ಕಳೆದ ತಿಂಗಳಷ್ಟೇ ಅವನಿಗೆ ಉತ್ತಮ ಸದಸ್ಯನೆಂದು ಶಾಲು ಹೊದಿಸಿತ್ತು. ಅವನ ಹನ್ನೆರಡು ಜೇನುಪೆಟ್ಟಿಗೆಗಳು ಉಮ್ಮಚಗಿಯವರಿಗೆ ಮಾರಾಟವಾಗಿದ್ದವು. ಒಯ್ಯಲು ಯಲ್ಲಾಪುರದಿಂದ ನದೀಮ್ ಬೆಳಗಿನ ಜಾವ ವ್ಯಾನು ತಂದಿದ್ದ. ಅಷ್ಟರಲ್ಲಿ ರಾತ್ರೋರಾತ್ರಿ ಪೆಟ್ಟಿಗೆಗಳು ಮಾಯ. ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಪೆಟ್ಟಿಗೆ ಇಟ್ಟಿದ್ದ ಕಲ್ಲುಗಳ ಮೇಲೆ ನೂರಾರು ಜೇನುಹುಳ ಗಿರಕಿ ಹೊಡೆಯುತ್ತಿದ್ದವು.

"ಮೇಡಮ್ಮೋರ, ಪೆಟಗಿ ಹೋಗ್ಯಾವು, ಹುಳ ಯಾಕ ಹೋಗಿಲ್ರಿ?" ಹಾವೇರಿ ಕಡೆಯ ಕಾನ್‌ಸ್ಟೇಬಲ್ ಶಿವಪುತ್ರಪ್ಪ ಕೇಳಿದ.

ಹೆಗಡೆಯ ಹೆಂಡತಿ ರೋಹಿಣಿ ಹೇಳಿದಳು: "ದೂರ ಒಯ್ದಿದ್ರೆ ಅಲ್ಲಿಯ ದಾರಿ ಕಲೀತಿದ್ವು. ಹತ್ರ ಇಟ್ರೆ ಮೇವಿಗೆ ಹೊರಟವು ಹಳೇ ಜಾಗಕ್ಕೇ ಬರ್ತವೆ."

"ನಿಮಗೆ ಗೊತ್ತಿರ್ಲಿಲ್ವಾ ಹೆಗಡೇರೆ? ಉತ್ತಮ ಸದಸ್ಯರು ನೀವು."

"ಹುಳದ ಕೆಲ್ಸ ಮಾಸ್ತಿದು. ನಮ್ಮನೆ ಆಳು."

"ಅವನು ಸಂಘದ ಸದಸ್ಯನಾ?"

"ಪಹಣೀಲಿ ಹೆಸರು ಇದ್ದವ್ರಿಗೆ ಮಾತ್ರ ಸದಸ್ಯತ್ವ. ಅವಂಗೆ ಜಾಗ ಎಲ್ಲಿದ್ದು?"

ಪ್ರತಿಭಾ ಫೋನ್ ಮಾಡಿ, ಠಾಣೆಯಲ್ಲಿ ಕೂರಿಸಿದ್ದ ನದೀಮನನ್ನು ಬಿಡಿಸಿದಳು. ಅವನಲ್ಲಿ ಯಾರೂ ಕ್ಷಮೆ ಕೇಳಲಿಲ್ಲ.

ಹಳ್ಳದಾಚೆ ಮಾಸ್ತಿಯ ಗುಡಿಸಲು. ಹಿಂದೆ, ಸೊಪ್ಪು ಹೊದಿಸಿದ ಹನ್ನೆರಡು ಪೆಟ್ಟಿಗೆ. ಅವನು ಓಡಲಿಲ್ಲ.

"ನೀನೇ ತಂದದ್ದಾ?"

"ಹೌದ್ರಾ."

"ಯಾಕೆ?"

"ಕಾಡಿನ ಪೊಟರೆಯಿಂದ ಒಂದೊಂದೇ ಹುಳದ ಕುಟುಂಬ ಹಿಡ್ದು ತಂದವ ನಾನು. ಜೇನುತುಪ್ಪ ಸಂಘಕ್ಕೆ ಹೋದದ್ದು ಹೆಗಡೇರ ಹೆಸ್ರಲ್ಲಿ. ಹೋಗ್ಲಿ ಅಂದೆ. ಮಾರಾಕೆ ಮುಂಚೆ ನನ್ನ ಒಂದು ಮಾತು ಕೇಳ್ಲಿಲ್ಲ."

"ಇಷ್ಟು ಹತ್ರ ಇಟ್ರೆ ಹುಳವೇ ಹಿಡಿದು ಕೊಡ್ತವೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ದೂರ ಇಡಾಕೆ ನಂಗೆ ಜಾಗ ಎಲ್ಲೈತ್ರಾ?"

ಶಿವಪುತ್ರಪ್ಪ ಪೆಟ್ಟಿಗೆಗೆ ಕೈ ಹಾಕಿದ. ಮಾಸ್ತಿ ಅಡ್ಡ ನಿಂತ. "ಈಗ ಬ್ಯಾಡ. ಅರ್ಧ ಹುಳ ಹೊರಗವೆ. ಸಂಜೆ ಎಲ್ಲ ಒಳಗೆ ಬರ್ಲಿ, ನಾನೇ ಪೆಟ್ಟಿಗೆ ಬಾಗ್ಲು ಮುಚ್ಚಿಕೊಡ್ತೆ."

ಜಪ್ತಿ ಪಂಚನಾಮೆ ಸಂಜೆಯವರೆಗೆ ನಿಂತಿತು. ಕತ್ತಲಾಗುವ ಹೊತ್ತಿಗೆ ಹನ್ನೆರಡು ಬಾಗಿಲನ್ನೂ ತಾನೇ ಮುಚ್ಚಿ, ಮಾಸ್ತಿ ಜೀಪು ಹತ್ತಿದ. ಆರೂಮುಕ್ಕಾಲಿಗೆ ದಸ್ತಗಿರಿ.

ಪೆಟ್ಟಿಗೆಗಳು ಕೋರ್ಟಿನ ಆದೇಶದ ಮೇಲೆ ಹೆಗಡೆಗೆ ಮರಳಿದವು. ಇರುವೆ ಹತ್ತಿದ್ದನ್ನು ನೋಡುವವರಿರಲಿಲ್ಲ. ಒಂದೊಂದಾಗಿ ಹುಳ ಪೆಟ್ಟಿಗೆ ಬಿಟ್ಟು ಹಾರಿದವು. ಉಮ್ಮಚಗಿಯವರು ಖಾಲಿ ಪೆಟ್ಟಿಗೆ ಬೇಡವೆಂದರು. ಜಾಮೀನಿನ ಮೇಲಿದ್ದ ಮಾಸ್ತಿ ಸಹಿ ಹಾಕಲು ಠಾಣೆಗೆ ಬಂದ ದಿನ ಹೆಗಡೆ ಅಲ್ಲೇ ಕಾದಿದ್ದ.

"ಕೇಸು ರಾಜಿ ಮಾಡ್ಕಂಬನ. ಬಾ ಮಾರಾಯ, ಹುಳ ನಿಲ್ತಾ ಇಲ್ಲ."

"ಸಂಘದಲ್ಲಿ ನನ್ನ ಹೆಸ್ರು ಹಾಕಿಸ್ತೀರಾ?"

"ಅದು ಬೈಲಾದಲ್ಲಿ ಇಲ್ವಲ ಮಾಸ್ತಿ..."

ಮಾಸ್ತಿ ಸಹಿ ಹಾಕಿದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಹೊರಟ. ಮುಂದಿನ ವಾರದ ಸಹಿಗೆ ಅವನು ಬರಲಿಲ್ಲ. ಶಿವಪುತ್ರಪ್ಪ ಹಳ್ಳದಾಚೆ ಹೋಗಿ ನೋಡಿದ, ಗುಡಿಸಲು ಖಾಲಿಯಿತ್ತು. ತ್ಯಾಗಲಿಗೆ ಮಾಸ್ತಿ ಮತ್ತೆ ಬರಲಿಲ್ಲ.