ಕೈ ಕುಲುಕುವ ಸಾಲು

"ಲೇ ತಿತಿ, ನನ್ನ ಕಾಲ್ ಮೇಲೆ ನಿಂತಿದೀಯ! ಯಾಕೆ ಹಿಂಗೆ ನನ್ ಮೇಲೇ ಬೀಳ್ತಿದೀಯ?" ಪಕ್ಕದಲ್ಲಿದ್ದ ಬಗಸ್ ಕಿರುಚಿದ.

ತಿತಿ ಕಾಲು ತೆಗೆದಳು. ಕಣ್ಣು ಮಾತ್ರ ಸಾಲಿನ ಆ ತುದಿಯಲ್ಲೇ ಇತ್ತು. ಅಲ್ಲಿಂದ ಕಿರಾನಾ ಬರುತ್ತಿದ್ದಳು.

ರಂಜಾನ್ ಹಬ್ಬದ ರಜೆ ಮುಗಿದು ಅಂದು ಶಾಲೆಯ ಮೊದಲ ದಿನ. ಕ್ಲಾತೆನ್ ಊರಿನ ಆ ಶಾಲೆಯಲ್ಲಿ ಅವತ್ತು ಪಾಠ ಇಲ್ಲ, ಕೈ ಕುಲುಕುವ ಸಾಲು ಇರುತ್ತದೆ. ಮೊದಲು ಟೀಚರುಗಳು ನಿಲ್ಲುತ್ತಾರೆ. ಒಂದೊಂದೇ ಮಗು ಅವರ ಕೈ ಹಿಡಿದು ಹಣೆಗೊತ್ತಿಕೊಂಡು, "ಹೊರಗಿಂದು ಒಳಗಿಂದು ಎಲ್ಲಾ ತಪ್ಪೂ ಕ್ಷಮಿಸಿ" ಎನ್ನುತ್ತಾ ಸಾಗಿ, ಕೊನೆಗೆ ತಾನೂ ಸಾಲಿನಲ್ಲಿ ನಿಲ್ಲುತ್ತದೆ. ಹೊರಗಿಂದು ಅಂದರೆ ಕಣ್ಣಿಗೆ ಕಂಡ ತಪ್ಪು, ಒಳಗಿಂದು ಅಂದರೆ ಮನಸ್ಸಿನೊಳಗಿನ ತಪ್ಪು. ಹಿಂದೆ ಬಂದವರು ಅದರ ಕೈಯನ್ನೂ ಕುಲುಕುತ್ತಾರೆ. ಸಾಲು ಮುಗಿಯುವಷ್ಟರಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳಿರುತ್ತಾರೆ. ಆಮೇಲೆ ತಿಂಡಿ.

ಕಿರಾನಾಳಿಂದ ತಪ್ಪಿಸಿಕೊಳ್ಳಬೇಕೆಂದು ತಿತಿ ಓಡಿಬಂದು ಆರನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಎಂಥ ಜಾಣೆ ನೋಡಿ! ಈ ಸಾಲಿನಲ್ಲಿ ಮುಂದೆ ಹೋದರೇನು, ಹಿಂದೆ ಉಳಿದರೇನು? ಎಲ್ಲರ ಕೈಯೂ ಎಲ್ಲರಿಗೂ ಸಿಕ್ಕೇ ಸಿಗುತ್ತದೆ.

ಹಾರ್ನಿ ಟೀಚರ್ ಕಿರಾನಾಳ ಕೆನ್ನೆ ತಟ್ಟಿದರು. ನನ್ನ ಕೆನ್ನೆ ತಟ್ಟಲಿಲ್ಲ, ಎಂದುಕೊಂಡಳು ತಿತಿ. ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ಕಿರಾನಾಳ ಕೈ ಬಿಡದೆ ನಗುತ್ತಿದ್ದಳು. ಅದನ್ನು ನೋಡಿ ತಿತಿಯ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು.

ಈ ಉರಿ ಹಬ್ಬಕ್ಕೂ ಮೊದಲಿನದು. ಮೂರನೇ ಕ್ಲಾಸಿನಿಂದ ತಿತಿ ಶಾಲೆಯ ತಂಡದಲ್ಲಿ ರೆಬಾನಾ ಎಂಬ ತಮಟೆ ಬಾರಿಸುತ್ತಿದ್ದಳು. ಮಧ್ಯದ ಜಾಗ ಅವಳದೇ. ಈ ವರ್ಷ ಸೆಮಾರಾಂಗ್ ಪಟ್ಟಣದಿಂದ ಕಿರಾನಾ ಬಂದಳು. ಬಂದ ಮೂರೇ ವಾರಕ್ಕೆ ಹಾರ್ನಿ ಟೀಚರ್, "ಈ ಸಲ ಮಧ್ಯೆ ಕಿರಾನಾ ಕೂತ್ಕೊಳ್ಲಿ" ಎಂದುಬಿಟ್ಟರು.

ರಂಜಾನ್ ಉಪವಾಸದ ತಿಂಗಳಲ್ಲಿ ಶಾಲೆಯಲ್ಲಿ ತಂಡದ ಕಾರ್ಯಕ್ರಮವಿತ್ತು. ಅದರ ಹಿಂದಿನ ದಿನ ಟೀಚರ್ ತಿತಿಯನ್ನು ಕರೆದರು. "ಪ್ರಾಕ್ಟೀಸ್ ನಾಲ್ಕಕ್ಕಲ್ಲ, ಎರಡಕ್ಕೆ. ಕಿರಾನಾಗೂ ಹೇಳ್ಬಿಡು. ನಿಮ್ಮ ಬೀದೀಲೇ ಅಲ್ವಾ ಅವಳ ಮನೆ?"

ತಿತಿ ಸೈಕಲ್ಲಿನಲ್ಲಿ ಹೋದಳು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಕಿರಾನಾ ಕೈ ಬೀಸಿದಳು. ತಿತಿಯೂ ಕೈ ಬೀಸಿದಳು. ಆದರೆ ಸೈಕಲ್ ನಿಲ್ಲಿಸಲಿಲ್ಲ.

ಕಿರಾನಾ ನಾಲ್ಕು ಗಂಟೆಗೆ ಬಂದಾಗ ಪ್ರಾಕ್ಟೀಸ್ ಮುಗಿದಿತ್ತು.

"ತಿತಿ, ನೀನು ಹೇಳ್ಲಿಲ್ವಾ?" ಎಂದರು ಟೀಚರ್.

"ಹೇಳಿದ್ದೆ ಟೀಚರ್. ಉಪವಾಸ ಅಲ್ವಾ, ಮರ್ತಿರ್ಬೇಕು."

ಮಧ್ಯದ ಜಾಗ ತಿತಿಗೇ ಬಂತು. ಕಿರಾನಾ ಸಾಲಿನ ಕೊನೆಯಲ್ಲಿ ಕೂತಳು. ಆಸೆಪಟ್ಟ ಜಾಗ ಸಿಕ್ಕಿದರೂ ತಿತಿಯ ಕೈ ಎರಡು ಸಲ ತಾಳ ತಪ್ಪಿತು.

ನಿನ್ನೆ ಅಜ್ಜಿ ಹೇಳಿದ್ದರು: "ನಾಳೆ ಗಿಳಿಪಾಠ ಒಪ್ಪಿಸ್ಬೇಡ ಮಗಾ. ಯಾರು ನಿಂಗೇನು ಮಾಡಿದ್ರು, ನೀನು ಯಾರಿಗೇನು ಮಾಡಿದೆ, ನೆನೆಸ್ಕೊಂಡು ಹೋಗು."

ಕಿರಾನಾ ನನಗೇನು ಮಾಡಿದಳು? ಬೆಳಗಿನಿಂದ ತಿತಿ ಹುಡುಕಿದ್ದೇ ಹುಡುಕಿದ್ದು. ರಬ್ಬರ್ ತಗೊಂಡಿದ್ದಳು, ವಾಪಸ್ ಕೊಟ್ಟಳು. ಮಧ್ಯದಲ್ಲಿ ಕೂತಳು, ಕೂರು ಅಂದವರು ಟೀಚರ್. ಚೆನ್ನಾಗಿ ಬಾರಿಸುತ್ತಾಳೆ. ಅದೂ ಒಂದು ತಪ್ಪೇ? ಅವಳ ತಪ್ಪಿನ ಪಟ್ಟಿಗೆ ಸೇರಿಸಲು ಮತ್ತೇನೂ ಸಿಗಲಿಲ್ಲ.

"ಕಿರಾನಾನೇ ಲಾಸ್ಟು! ಇನ್ನು ತಿಂಡಿ!" ಬಗಸ್ ಕುಣಿದ.

ಕಿರಾನಾ ಎದುರಿಗೆ ಬಂದು ಕೈ ಹಿಡಿದಳು. "ತಿತಿ, ಬರೀ ಬಾಯಿಮಾತಿಗಲ್ಲ, ನಂದು ನಿಜವಾಗ್ಲೂ ಒಂದು ತಪ್ಪಿದೆ. ಅವತ್ತು ನೀನು ಬೇಕಂತ್ಲೇ ಹೇಳ್ಲಿಲ್ಲ ಅಂದ್ಕೊಂಡೆ. ಮನ್ಸಲ್ಲೇ ನಿನ್ನ ಸುಳ್ಳಿ ಅಂತ ಬೈದೆ. ನಾನೇ ಮರ್ತಿದ್ದೆ ಅನ್ಸತ್ತೆ. ಕ್ಷಮಿಸು ಕಣೇ."

'ಇರ್ಲಿ ಬಿಡು' ಎಂದರೆ ಸಾಕಿತ್ತು. ಆ ಮಾತು ತಿತಿಯ ನಾಲಿಗೆ ತುದಿಗೆ ಬಂದೂ ಬಿಟ್ಟಿತ್ತು.

"ನೀನು ಮರ್ತಿಲ್ಲ," ಎಂದಳು ತಿತಿ. "ನಾನು ಹೇಳೇ ಇಲ್ಲ."

"ಯಾಕೆ?"

ಬಿಸಿಲಿತ್ತು, ಬಾಯಾರಿತ್ತು, ಅವಸರವಿತ್ತು. ನೆಪಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ತಿತಿ ಒಂದನ್ನೂ ಕರೆಯಲಿಲ್ಲ.

"ನೀನು ನನಗಿಂತ ಚೆನ್ನಾಗಿ ಬಾರಿಸ್ತೀಯ. ನಂಗೆ ಹೊಟ್ಟೆಕಿಚ್ಚು. ಅದಕ್ಕೆ."

ಅಂದಮೇಲೆ ಅವಳಿಗೇ ಗಾಬರಿಯಾಯಿತು. ತಾನು ಇಂಥವಳೆಂದು ಇಷ್ಟು ದಿನ ತನಗೂ ಹೇಳಿಕೊಂಡಿರಲಿಲ್ಲ.

ಕಿರಾನಾ ಕೈ ಕಿತ್ತುಕೊಂಡಳು. ಬೇರೆಯವರ ಕೈ ಕುಲುಕುತ್ತಾ ಹೋಗಿ, ಬಾವುಟದ ಕಂಬದ ಹತ್ತಿರ ಸಾಲಿನ ಕೊನೆಯಲ್ಲಿ ನಿಂತಳು. ಒಂದು ಸಲವೂ ತಿರುಗಿ ನೋಡಲಿಲ್ಲ.

ಹಾರ್ನಿ ಟೀಚರ್ ಸಾಲು ಮುಗಿಯಿತೆಂದು ಚಪ್ಪಾಳೆ ತಟ್ಟುವುದರಲ್ಲಿದ್ದರು. ತಿತಿ ಸಾಲು ಬಿಟ್ಟು ಅವರ ಹತ್ತಿರ ಓಡಿದಳು.

"ನೀನು ಆಗ್ಲೇ ಬಂದಿದ್ಯಲ್ಲ?"

"ಆಗ ಸುಮ್ನೆ ಹೇಳ್ದೆ ಟೀಚರ್." ತಿತಿ ಅವರ ಕೈ ಹಿಡಿದು, ಅಂಗಳ, ಸೈಕಲ್ಲು, ಸುಳ್ಳು, ಎಲ್ಲವನ್ನೂ ಹೇಳಿದಳು. "ಮುಂದಿನ ಸಲ ಮಧ್ಯದ ಜಾಗ ಅವಳಿಗೇ ಕೊಡಿ."

ಟೀಚರ್ ನಗಲಿಲ್ಲ. ಗದರಿಸಲೂ ಇಲ್ಲ. "ಸರಿ. ಸಾಲಿನಲ್ಲಿ ಹೋಗು," ಎಂದರು.

ತಿತಿ ಮತ್ತೆ ಮೊದಲಿನಿಂದ ಹೊರಟಳು. ಕೈ ಮೇಲೆ ಕೈ, ಕ್ಷಮಿಸಿ, ಕ್ಷಮಿಸು. "ಅಯ್ಯೋ, ಮತ್ತೆ ಬಂದ್ಲು!" ಎಂದು ಸಾಲೆಲ್ಲ ಗೊಣಗಿತು.

"ಎರಡು ಸಲ ಕ್ಷಮಿಸಿದ್ರೆ ನಿನ್ನ ಅನಾನಸ್ ಬಿಸ್ಕತ್ತು ನಂಗೆ," ಎಂದ ಬಗಸ್.

"ತಗೋ."

ಬಾವುಟದ ಕಂಬ ಬಂತು. ಕಿರಾನಾ ಕೈಕಟ್ಟಿ ನಿಂತಿದ್ದಳು. ತಿತಿ ಕೈ ಚಾಚಿದಳು. "ಹೊರಗಿಂದು..." ಎಂದು ಶುರುಮಾಡಿ ನಿಲ್ಲಿಸಿದಳು. "ಒಳಗಿಂದು, ಕಿರಾನಾ."

"ನಂಗಿನ್ನೂ ಕೋಪ ಇದೆ."

"ಹೂಂ."

ಚಾಚಿದ ಕೈ ಹಾಗೇ ಇತ್ತು. ಕೊನೆಗೆ ತಿತಿ ಅದನ್ನು ಇಳಿಸಿದಳು. ಇನ್ನು ಅವಳು ಕಿರಾನಾಳ ಪಕ್ಕದಲ್ಲಿ ನಿಲ್ಲಬೇಕು. ಆದರೆ ಕಂಬಕ್ಕೂ ಕಿರಾನಾಳಿಗೂ ನಡುವೆ ಜಾಗವೇ ಇರಲಿಲ್ಲ.

ಕಿರಾನಾ ನೆಲ ನೋಡುತ್ತಲೇ ಅರ್ಧ ಹೆಜ್ಜೆ ಸರಿದಳು.

ತಿತಿ ಆ ಜಾಗದಲ್ಲಿ ನಿಂತಳು. ಅಲ್ಲಿಂದ ಸಾಲಿನ ಮಧ್ಯ ಬಹಳ ದೂರ ಕಾಣುತ್ತಿತ್ತು. ಕಾರ್ಯಕ್ರಮದ ದಿನ ಕಿರಾನಾಳಿಗೂ ಇಷ್ಟೇ ದೂರ ಕಂಡಿರಬೇಕು.